ಅಜ್ಜನ ಕಿರ್ದಿ ಪುಸ್ತಕ ಮತ್ತು ನಮ್ಮ ಬೆಳಗಾವಿ

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹಳೇ ಮನೆಯ ಅಟ್ಟ ಖಾಲಿ ಮಾಡಿಸುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ಕೆಂಪು ಬಟ್ಟೆಯ ರಟ್ಟಿನ ಆರು ಉದ್ದನೆಯ ಪುಸ್ತಕಗಳು. ಅಪ್ಪ ನೋಡಿದ ಕೂಡಲೇ ಗುರುತು ಹಿಡಿದರು. ಅಜ್ಜನ ಕಿರ್ದಿ ಪುಸ್ತಕಗಳು, ಅಂದರೆ ಅಂಗಡಿಯ ದಿನದ ಲೆಕ್ಕದ ಪುಸ್ತಕಗಳು. ಅಜ್ಜನದು ಖಡೇಬಜಾರದ ಹತ್ತಿರ ಒಂದು ಓಣಿಯಲ್ಲಿ ಸಣ್ಣ ಅರಿವಿ ಅಂಗಡಿ ಇತ್ತು. ಅರಿವಿ ಅಂದರೆ ನಮ್ಮ ಕಡೆ ಬಟ್ಟೆ. ರಾತ್ರಿ ಬಾಗಿಲು ಹಾಕುವ ಮುಂಚೆ ಗಾದಿ ಮೇಲೆ ಕಾಲು ಮಡಚಿ ಕೂತು, ಅವತ್ತಿನ ಮಾರಾಟ, ಉದ್ರಿ, ಜಮಾ ಎಲ್ಲ ಬರೆದು ಮುಗಿಸಿಯೇ ಮನೆಗೆ ಬರುತ್ತಿದ್ದರಂತೆ.

ಪುಸ್ತಕ ಬಿಚ್ಚಿದೆ. ಒಂದು ಅಕ್ಷರವೂ ಓದಲು ಬರಲಿಲ್ಲ. ಪುಟದ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು, ಆ ಗೆರೆಗೆ ಜೋತುಬಿದ್ದ ಹಾಗೆ ಸಾಲಾಗಿ ಅಕ್ಷರಗಳು. ಲೇಖನಿ ಎತ್ತದೇ ಒಂದೇ ಓಟದಲ್ಲಿ ಬರೆದದ್ದು. ಮೋಡಿ ಲಿಪಿ. ಪೇಶ್ವೆಗಳ ಕಾಲದಲ್ಲಿ ಕಚೇರಿಯ ಕಾಗದಪತ್ರ, ಹೊಲಮನೆಯ ಖರೀದಿ, ಸಾವುಕಾರರ ಲೆಕ್ಕ ಎಲ್ಲ ಇದರಲ್ಲೇ ನಡೆಯುತ್ತಿತ್ತು. ಅಜ್ಜ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೂ ಲೆಕ್ಕ ಮಾತ್ರ ಮರಾಠಿಯಲ್ಲಿ ಬರೆದಿದ್ದಾರೆ ಅಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಸ್ವಲ್ಪ ಬೇಜಾರೂ ಆಯಿತು. ಆ ಪುಸ್ತಕದ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಕೇಳಿದ್ದರು, "ಬೆಳಗಾವಿನಾ? ಹಾಗಾದ್ರೆ ನೀವು ಮರಾಠಿಯವರಾ?" ಆಮೇಲೆ ಎರಡು ವರ್ಷ ಪುಣೆಯಲ್ಲಿದ್ದೆ. ಅಲ್ಲಿ ನನ್ನ ಮರಾಠಿ ಕೇಳಿದವರು ಎರಡನೇ ಮಾತಿಗೇ "ತುಮ್ಹೀ ಕಾನಡಿ ಕಾ?", ನೀವು ಕನ್ನಡದವರಾ, ಅನ್ನುತ್ತಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಎರಡೂ ಕಡೆ ನನ್ನ ಊರನ್ನು ಇನ್ನೊಂದು ಕಡೆಯವರದ್ದು ಅಂತ ತಳ್ಳುವುದನ್ನು ಕೇಳಿ ಕೇಳಿ, ಈ ಊರು ನಿಜಕ್ಕೂ ಎಂಥದ್ದು ಅಂತ ತಿಳಿದುಕೊಳ್ಳಬೇಕು ಅನ್ನುವ ಹಠ ಹುಟ್ಟಿತು. ಅಲ್ಲಿಯವರೆಗೆ ಅದು ಸುಮ್ನೆ ನನ್ನ ಊರಾಗಿತ್ತು, ಅಷ್ಟೇ.

ಹೆಸರಿನಿಂದಲೇ ಶುರು ಮಾಡೋಣ. ಹಳೇ ಶಾಸನಗಳಲ್ಲಿ ಇದು ವೇಣುಗ್ರಾಮ, ವೇಳುಗ್ರಾಮ. ಬಿದಿರಿನ ಊರು. ಸವದತ್ತಿಯಲ್ಲಿದ್ದ ರಟ್ಟ ಅರಸರು ರಾಜಧಾನಿಯನ್ನು ಇಲ್ಲಿಗೆ ತಂದರು. ಕೋಟೆಯೊಳಗಿನ ಕಮಲ ಬಸದಿ ಅವರ ಕಾಲದ್ದು. ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಒಳಗೆ ಹೋಗಿ ಮಂಟಪದ ನಡುವೆ ನಿಂತು ಮೇಲೆ ನೋಡಿದರೆ ಕಪ್ಪು ಕಲ್ಲಿನ ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ಸುತ್ತ ಕಂಬಗಳು ಎಷ್ಟು ನುಣುಪು ಅಂದರೆ ಮುಖದ ನೆರಳು ಕಾಣುತ್ತದೆ. ಮಳೆಗಾಲದ ಮಧ್ಯಾಹ್ನ ಹೋಗಬೇಕು. ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಒಳಗೆ ಕಲ್ಲು ತಣ್ಣಗೆ ಇರುತ್ತದೆ, ಯಾರೂ ಮಾತಾಡುವುದಿಲ್ಲ.

ಆ ಕಾಲದ ಶಾಸನದ ಕಲ್ಲುಗಳು ಈಗ ಇಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದರಲ್ಲಿರುವ ಒಂದು ವಿಷಯ ನನ್ನನ್ನು ಬಹಳ ಹಿಡಿದಿಟ್ಟಿತು. ಬಸದಿಗೆ ಸುಂಕ, ಕಾಣಿಕೆ ಬಿಟ್ಟುಕೊಟ್ಟವರಲ್ಲಿ ಊರಿನ ವರ್ತಕರ ಜೊತೆಗೆ ಲಾಳದ, ಅಂದರೆ ಗುಜರಾತ್ ಕಡೆಯ ವ್ಯಾಪಾರಿಗಳಿದ್ದಾರೆ, ಮಲೆಯಾಳದ ವ್ಯಾಪಾರಿಗಳೂ ಇದ್ದಾರೆ. 800 ವರ್ಷದ ಹಿಂದೆಯೇ ಈ ಪೇಟೆಯಲ್ಲಿ ದೂರದೂರದ ಮಾತಿನವರು ಅಂಗಡಿ ಹಾಕಿಕೊಂಡು ಕೂತಿದ್ದರು. ಅವರು ಒಬ್ಬರಿಗೊಬ್ಬರು ಯಾವ ಮಾತಿನಲ್ಲಿ ಚೌಕಾಸಿ ಮಾಡುತ್ತಿದ್ದರೋ! ಕನ್ನಡವೇ ಇರಬೇಕು, ಜೊತೆಗೆ ಕೈಬೆರಳೂ.

ಕಾರಣ ಸರಳ. ಬೆಳಗಾವಿ ಇರುವ ಜಾಗವೇ ಹಾಗಿದೆ. ಪಡುವಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆ ಘಟ್ಟ, ಕೆಳಗೆ ಗೋವಾ ಮತ್ತು ಕೊಂಕಣ. ಮೂಡಣಕ್ಕೆ ಹೊರಟರೆ ಕಾಡು ಮುಗಿದು ಎರೆಮಣ್ಣಿನ ಬಯಲು. ಬಡಗಣಕ್ಕೆ ಕೊಲ್ಹಾಪುರ 110 ಕಿ.ಮೀ. ಆಸುಪಾಸು. ತೆಂಕಣಕ್ಕೆ ಧಾರವಾಡ, ಹುಬ್ಬಳ್ಳಿ. ಬೆಂಗಳೂರು ಸುಮಾರು 500 ಕಿ.ಮೀ. ದೂರ. ಮೇಲಿನವರ ಜೋಳ, ಹತ್ತಿ ಕೆಳಗೆ ಹೋಗಬೇಕು, ಕೆಳಗಿನವರ ಉಪ್ಪು, ಕೊಬ್ಬರಿ, ಒಣಮೀನು ಮೇಲೆ ಬರಬೇಕು. ನಡುವೆ ಎತ್ತಿನ ಬಂಡಿ ಬಿಚ್ಚಲು ಒಂದು ಊರು ಬೇಕಿತ್ತು. ಈಗಲೂ ಗೋವಾದ ಅಡುಗೆಮನೆಗೆ ಹೋಗುವ ತರಕಾರಿಯಲ್ಲಿ ದೊಡ್ಡ ಪಾಲು ನಮ್ಮ ಮಾರ್ಕೆಟ್ಟಿನಿಂದಲೇ. ಬೆಳಗಿನ ಜಾವ ಅಲ್ಲಿಗೆ ಹೋದರೆ ಲಿಲಾವು ಕನ್ನಡದಲ್ಲಿ, ಜಗಳ ಮರಾಠಿಯಲ್ಲಿ, ಲಾರಿ ಲೋಡಿನ ಮಾತು ಕೊಂಕಣಿಯಲ್ಲಿ ಕೇಳುತ್ತದೆ.

ರಟ್ಟರಾದ ಮೇಲೆ ದೇವಗಿರಿಯ ಯಾದವರು, ವಿಜಯನಗರದವರು, 1473ರ ಹೊತ್ತಿಗೆ ಬಹಮನಿಯ ಮಹಮೂದ್ ಗವಾನ್, ಆಮೇಲೆ ಬಿಜಾಪುರದ ಆದಿಲಶಾಹಿ, ಮರಾಠರು, ಪೇಶ್ವೆಗಳು, 1818ರಲ್ಲಿ ಇಂಗ್ಲಿಷರು. ಇದನ್ನೆಲ್ಲ ಉದ್ದಕ್ಕೆ ಹೇಳುವುದಿಲ್ಲ. ಕೋಟೆಯೊಳಗೆ ಒಂದು ಸುತ್ತು ಹಾಕಿದರೆ ಸಾಕು. ಬಸದಿ ಇದೆ, ಆದಿಲಶಾಹಿ ಸರದಾರ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿ ಇದೆ, ಬಾಗಿಲಲ್ಲೇ ದುರ್ಗಾದೇವಿ ಗುಡಿ ಇದೆ, 1892ರ ಅಕ್ಟೋಬರಿನಲ್ಲಿ ಊರಿಗೆ ಬಂದಿದ್ದ ವಿವೇಕಾನಂದರ ನೆನಪಿನ ಆಶ್ರಮ ಇದೆ, ಸುತ್ತ ಸೈನ್ಯದವರ ಕಾವಲು ಇದೆ. ಬಂದವರು ಯಾರೂ ಹಿಂದಿನವರನ್ನು ಪೂರ್ತಿ ಅಳಿಸಿ ಹೋಗಲಿಲ್ಲ.

ನನಗೆ ಕೋಟೆಗಿಂತ ಜಾಸ್ತಿ ಇಷ್ಟ ಊರಿನ 'ವೇಸ್'ಗಳು. ಬೋಗಾರವೇಸ್, ಗೋವಾವೇಸ್, ಕಾಕತಿವೇಸ್. ವೇಸ್ ಅಂದರೆ ಮರಾಠಿಯಲ್ಲಿ ಊರ ಬಾಗಿಲು, ನಾವು ಅಗಸಿ ಅನ್ನುತ್ತೇವಲ್ಲ, ಅದು. ಗೋಡೆಯೂ ಇಲ್ಲ, ಬಾಗಿಲೂ ಇಲ್ಲ, ಹೆಸರು ಉಳಿದಿದೆ. ಗೋವಾವೇಸ್ ಅಂದರೆ ಗೋವಾ ದಾರಿಯ ಕಡೆಯದು. ಕಾಕತಿವೇಸ್ ಅಂದರೆ ಕಿತ್ತೂರು ಚನ್ನಮ್ಮ ಹುಟ್ಟಿದ ಕಾಕತಿಯ ಕಡೆಯದು. ಬೋಗಾರವೇಸ್ ಮಾತ್ರ ಬೇರೆ ಥರ. ಬೋಗಾರರು ಅಂದರೆ ಹಿತ್ತಾಳೆ, ತಾಮ್ರದ ಪಾತ್ರೆ ಮಾಡುವವರು. ಬೋಗಾರ ಅನ್ನುವುದು ನಮ್ಮ ಕಡೆಯ ಕನ್ನಡ ಮಾತು, ವೇಸ್ ಮರಾಠಿ. ಎರಡೂ ಸೇರಿ ಒಂದು ಬಸ್ ಸ್ಟಾಪಿನ ಹೆಸರಾಗಿದೆ. ದಿನಾ ಸಾವಿರಾರು ಜನ ಕಂಡಕ್ಟರಿಗೆ ಆ ಹೆಸರು ಹೇಳಿ ಟಿಕೆಟ್ ತಗೋತಾರೆ. ಅದರಲ್ಲಿ ಎರಡು ಭಾಷೆ ಇವೆ ಅಂತ ಯಾರ ತಲೆಗೂ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಗಡಿ ಅನ್ನುವುದು ಬೆಳಗಾವಿಗೆ 1956ರಲ್ಲಿ ಬಂದದ್ದಲ್ಲ. ಅದಕ್ಕೂ ಮುಂಚೆ ಊರಿನ ಹೊಟ್ಟೆಯೊಳಗೇ ಒಂದು ಗಡಿ ಇತ್ತು. ಇವತ್ತು ನಾವು ಶಹಾಪುರ ಅಂತ ನಡೆದುಕೊಂಡೇ ಹೋಗುವ ಪೇಟೆ ಇದೆಯಲ್ಲ, ಅದು ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಗಳು ವಿಲೀನ ಆಗುವವರೆಗೂ ಹಾಗೇ ಇತ್ತು. ಈ ಕಡೆ ಇಂಗ್ಲಿಷರ ಬೆಳಗಾವಿ, ಅದರ ಪಕ್ಕ ಅವರ ಕ್ಯಾಂಪು, ಆ ಕಡೆ ಪಟವರ್ಧನರ ಶಹಾಪುರ. ಇಲ್ಲಿ ಬ್ರಿಟಿಷ್ ಕಾಯ್ದೆ, ಅಲ್ಲಿ ಸಂಸ್ಥಾನದ ಕಾಯ್ದೆ. ಶಹಾಪುರದಲ್ಲಿ ಮಗ್ಗ ಜಾಸ್ತಿ. ಅಜ್ಜ ಬೆಳಿಗ್ಗೆ ಬೇರೆ ರಾಜ್ಯಕ್ಕೆ ಹೋಗಿ ಸೀರೆ ಕೊಂಡು, ಮಧ್ಯಾಹ್ನದ ಊಟಕ್ಕೆ ತಮ್ಮ ರಾಜ್ಯಕ್ಕೆ ಬರುತ್ತಿದ್ದರು! ಅವರಿಗೆ ಅದು ವಿಶೇಷ ಅನ್ನಿಸಿರಲಿಕ್ಕಿಲ್ಲ.

ಅಪ್ಪ ಒಂದು ಮಾತು ಹೇಳುತ್ತಿರುತ್ತಾರೆ. ಅಂಗಡಿಗೆ ಬಂದ ಹೆಂಗಸರು ಸೀರೆ ಬಿಚ್ಚಿದ ಕೂಡಲೇ ಮೊದಲು ಬೆರಳಾಡಿಸುವುದು ದಡಿ ಮೇಲೆ, ಅಂದರೆ ಅಂಚಿನ ಮೇಲೆ. ಒಡಲು ಆಮೇಲೆ. ನೇಕಾರನ ಕೈ ಎಂಥದ್ದು ಅಂತ ದಡಿ ಹೇಳಿಬಿಡುತ್ತದಂತೆ. ಎಳೆ ಒತ್ತಾಗಿದೆಯಾ, ಬಣ್ಣ ಬಿಡುತ್ತದಾ, ನೆಲಕ್ಕೆ ತಾಗಿ ತಾಗಿ ಎಷ್ಟು ವರ್ಷ ಬಾಳುತ್ತದೆ, ಎಲ್ಲ ಅಲ್ಲೇ. ಹರಿಯುವುದಾದರೂ ಮೊದಲು ದಡಿಯೇ.

ಈಗ 1924ಕ್ಕೆ ಬರುತ್ತೇನೆ. ಡಿಸೆಂಬರ್ ತಿಂಗಳು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ, ಈಗಿನ ಟಿಳಕವಾಡಿಯ ಕಡೆ. ಬಯಲಿಗೆ ವಿಜಯನಗರ ಅಂತ ಹೆಸರಿಟ್ಟಿದ್ದರು, ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ. ಬಾವಿ ಇನ್ನೂ ಇದೆ, ಜನ ಕಾಂಗ್ರೆಸ್ ಬಾವಿ ಅನ್ನುತ್ತಾರೆ. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಅಲ್ಲೇ ಮೊಳಗಿತು. 11 ವರ್ಷದ ಹುಡುಗಿ ಗಂಗೂಬಾಯಿ ಹಾನಗಲ್ ಸ್ವಾಗತ ಗೀತೆ ಹಾಡಿದ್ದು ಅಲ್ಲೇ. ಅದೇ ಬಯಲಿನಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ಆಯಿತು. ಕನ್ನಡ ನಾಡು ಒಂದಾಗಬೇಕು ಅನ್ನುವ ಕೂಗು ಗಟ್ಟಿಯಾದದ್ದು ಈ ಮಣ್ಣಿನಲ್ಲಿ.

ಆದರೆ ಇದಾಗಿ 22 ವರ್ಷಕ್ಕೆ, 1946ರ ಮೇ ತಿಂಗಳಲ್ಲಿ, ಇದೇ ಊರಿನಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಸಂಯುಕ್ತ ಮಹಾರಾಷ್ಟ್ರ ಆಗಬೇಕು ಅನ್ನುವ ಠರಾವು ಆ ವೇದಿಕೆಯ ಮೇಲೆ ಪಾಸಾಯಿತು. ನಮ್ಮ ಶಾಲೆಯಲ್ಲಿ 1924 ಹೇಳಿಕೊಟ್ಟರು, 1946 ಹೇಳಲಿಲ್ಲ. ಪಕ್ಕದ ಮರಾಠಿ ಶಾಲೆಯ ಗೆಳೆಯನಿಗೆ ಅವನ ಮನೆಯಲ್ಲಿ 1946 ಹೇಳಿದ್ದರು, 1924ರ ಏಕೀಕರಣದ ಕತೆ ಗೊತ್ತಿರಲಿಲ್ಲ. ನಾವಿಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿದವರು. ಎರಡನ್ನೂ ಒಟ್ಟಿಗೆ ಓದಿದಾಗಲೇ ಈ ಊರು ಅರ್ಥ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ.

1924ರ ಅಧಿವೇಶನವನ್ನು ಹೆಗಲ ಮೇಲೆ ಹೊತ್ತವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಕರ್ನಾಟಕ ಸಿಂಹ ಅಂತ ಅವರಿಗೆ ಬಿರುದು. ಅವರು ತಮ್ಮ ಜೀವನಕತೆ ಬರೆದದ್ದು ಮರಾಠಿಯಲ್ಲಿ. ಊರಿನ ಪಕ್ಕದ ಸುಳೇಭಾವಿಯಲ್ಲಿ ಅದೇ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಕನ್ನಡ ಮನೆಯ ಹುಡುಗ. ಮುಂದೆ ಗಾಯಕ ಕುಮಾರ ಗಂಧರ್ವ ಆಗಿ, ಮರಾಠಿ ಕೇಳುಗರು ಅವರನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಸವದತ್ತಿ ತಾಲೂಕಿನ ಗುರ್ಲಹೊಸೂರು ಅನ್ನುವ ಹಳ್ಳಿ ನೋಡಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಅಲ್ಲಿ. ಕನ್ನಡ ನಾಡಿನ ಹಳೇ ಎಲ್ಲೆ ಹುಡುಕುತ್ತ ಮಹಾರಾಷ್ಟ್ರದ ಊರಹೆಸರುಗಳಲ್ಲಿ ಕನ್ನಡ ತೋರಿಸಿಕೊಟ್ಟ ಶಂ. ಬಾ. ಜೋಶಿ ಹುಟ್ಟಿದ್ದೂ ಅಲ್ಲೇ. ಯಾರನ್ನು ಯಾವ ಕಡೆಗೆ ಬರೆದುಕೊಳ್ಳುತ್ತೀರಿ?

ಕಿರ್ಲೋಸ್ಕರ್ ವಿಷಯ ಬಂತು, ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. 1888ರಲ್ಲಿ ಅಣ್ಣತಮ್ಮಂದಿರು ಇಲ್ಲಿ ಸೈಕಲ್ ಅಂಗಡಿ ಹಾಕಿದರು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದು ಈಗಿನ ಮಹಾರಾಷ್ಟ್ರದ ಕುಂಡಲ್ ಹತ್ತಿರದ ಬರಡು ನೆಲಕ್ಕೆ ಹೋದರು. ಅದೇ ಕಿರ್ಲೋಸ್ಕರವಾಡಿ ಆಯಿತು. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ್ ರೋಡು. ಅವರು ಇಲ್ಲೇ ಇದ್ದಿದ್ದರೆ ಅಂತ ಆ ರಸ್ತೆಯಲ್ಲಿ ಹೋಗುವಾಗೆಲ್ಲ ಹೊಟ್ಟೆ ಉರಿಯುತ್ತದೆ. ಆದರೂ ಕಬ್ಬಿಣದ ಕಸುಬು ಊರನ್ನು ಬಿಡಲಿಲ್ಲ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಇವತ್ತೂ ಕಬ್ಬಿಣ ಕರಗುತ್ತಿದೆ.

1956ರ ನವೆಂಬರ್ 1. ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಚಂದಗಡ ತಾಲೂಕು ಮಾತ್ರ ಆ ಕಡೆ ಉಳಿಯಿತು. ಕನ್ನಡಿಗರಿಗೆ ಅದು ಬಹಳ ದಿನದ ಕನಸು ಕೈಗೂಡಿದ ದಿನ. ಊರಿನ ಅರ್ಧಕ್ಕೆ ಅರ್ಧ ಮರಾಠಿ ಮನೆಗಳಿಗೆ ಬೇರೇನೋ ಕಳೆದುಹೋದ ದಿನ. ಅವತ್ತಿನಿಂದ ಇವತ್ತಿನವರೆಗೆ ನವೆಂಬರ್ 1ರಂದು ಊರಿನಲ್ಲಿ ಎರಡು ಮೆರವಣಿಗೆ ಹೊರಡುತ್ತವೆ. ಒಂದು ಹಳದಿ-ಕೆಂಪು, ಇನ್ನೊಂದು ಕಪ್ಪು ಬಾವುಟದ್ದು. ಚನ್ನಮ್ಮ ಸರ್ಕಲ್ಲಿನ ರಾಜ್ಯೋತ್ಸವ ನೀವು ನೋಡಬೇಕು, ಬೆಂಗಳೂರಿನಲ್ಲಿ ಅಷ್ಟು ಹುರುಪು ನಾನು ಕಂಡಿಲ್ಲ. ರಾತ್ರಿ ಎಷ್ಟು ಹೊತ್ತಾದರೂ ಜನ ಕರಗುವುದಿಲ್ಲ. ನಾನೂ ಪ್ರತಿ ವರ್ಷ ಹೋಗುತ್ತೇನೆ. ಕುಣಿಯುತ್ತೇನೆ.

ಮಹಾರಾಷ್ಟ್ರದ ಒತ್ತಾಯಕ್ಕೆ ಕೇಂದ್ರ ಸರ್ಕಾರ 1966ರಲ್ಲಿ ಮೆಹರ್ ಚಂದ್ ಮಹಾಜನ್ ಆಯೋಗ ಮಾಡಿತು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ನಗರ ಇಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ, ನಂದಗಡ ಮುಂತಾದವು ಆ ಕಡೆಗೆ ಹೋಗಲಿ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ ಹಳ್ಳಿಗಳು ಈ ಕಡೆಗೆ ಬರಲಿ ಅಂತ ಅದರ ಸಾರ. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಇದನ್ನು ಓದುವಾಗ ನನಗೆ ಎದೆಗೆ ತಾಗುವುದು ನಂದಗಡ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಅಲ್ಲಿ. ಅವನ ಸಮಾಧಿ ಇರುವುದು ಅಲ್ಲಿ. ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ತೊಟ್ಟಿಲು ಕಟ್ಟಿ ಹೋಗುವ ಹೆಂಗಸರಲ್ಲಿ ಕನ್ನಡದವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಹಳ್ಳಿಗಳನ್ನು ತಲೆ ಎಣಿಸಿ ಹಂಚುವ ಪಟ್ಟಿಯಲ್ಲಿ ಇಂಥದ್ದನ್ನು ಬರೆಯಲು ಕಾಲಂ ಇರುವುದಿಲ್ಲ.

ಬೆಳಗಾವಿ ಕರ್ನಾಟಕದ್ದೇ. ಇದರಲ್ಲಿ ನನಗೆ ಕೂದಲೆಳೆಯಷ್ಟೂ ಅನುಮಾನ ಇಲ್ಲ. ಮೊದಲೇ ಹೇಳಿಬಿಡಬೇಕಿತ್ತೇನೋ. ಆದರೆ ಅದನ್ನು ಗಟ್ಟಿಯಾಗಿ ಹೇಳುವವರಲ್ಲಿ ಬಹಳ ಜನ ಇಲ್ಲಿನ ಒಂದು ಓಣಿಯಲ್ಲೂ ಒಂದು ರಾತ್ರಿ ಕಳೆದವರಲ್ಲ. ಆ ಕಡೆಯಿಂದ ಕೂಗುವವರೂ ಹಾಗೇ.

1986ರಲ್ಲಿ ನನಗೆ ಎಂಟು ವರ್ಷ. ಜೂನ್ ತಿಂಗಳು. ಕನ್ನಡ ಕಡ್ಡಾಯದ ವಿರುದ್ಧ ಚಳವಳಿ, ಲಾಠಿ, ಗೋಲಿಬಾರು, ಸಾವು. ಅವೆಲ್ಲ ನನಗೆ ದೊಡ್ಡವನಾದ ಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಇಷ್ಟೇ, ಶಾಲೆ ಇಲ್ಲ, ಹಾಲಿನವನು ಬಂದಿಲ್ಲ, ಮನೆಯ ಕಿಟಕಿ ಹಾಕಿದ್ದಾರೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಹಿತ್ತಲಲ್ಲಿ ಒಂದು ಮೋಟು ಗೋಡೆ ಇತ್ತು. ಪಕ್ಕದ ಮರಾಠಿ ಮನೆಯ ಮಾವಶಿ, ಅಂದರೆ ಚಿಕ್ಕಮ್ಮ, ಹಿತ್ತಾಳೆ ತಂಬಿಗೆಯಲ್ಲಿ ಹಾಲು ತಂದು ಗೋಡೆ ಮೇಲೆ ಇಟ್ಟು, "ಘೇ ಬಾಳಾ" ಅಂದು ಒಳಗೆ ಹೋದಳು. ಅವರ ಮನೆಯಲ್ಲಿ ಒಂದು ಎಮ್ಮೆ ಇತ್ತು. ಸಂಜೆ ನಮ್ಮ ಆಯಿ ಅದೇ ತಂಬಿಗೆ ತೊಳೆದು, ಅದರಲ್ಲಿ ಜೋಳದ ಹಿಟ್ಟು ತುಂಬಿ ವಾಪಸ್ಸು ಇಟ್ಟಳು. ಖಾಲಿ ಪಾತ್ರೆ ಕೊಡಬಾರದು ಅನ್ನುವ ಪದ್ಧತಿ. ಮೂರು ದಿನ ಹೀಗೇ ನಡೆಯಿತು. ಮಾವಶಿಯ ಮಗ ಚಳವಳಿಯಲ್ಲಿದ್ದ. ನನ್ನ ಕಾಕಾ ಕನ್ನಡ ಸಂಘದಲ್ಲಿದ್ದ. ಎರಡೂ ಮನೆಯವರಿಗೆ ಗೊತ್ತಿತ್ತು.

ಆಯಿ ಅಂದೆನಲ್ಲ, ಅದೂ ಒಂದು ಮಜಾ. ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಗೋಡೆಯಾಚೆ ಆಯಿ ಅಂದರೆ ತಾಯಿ. "ಆಯಿ ಕರೀತಾಳ" ಅಂತ ಯಾರಾದರೂ ಕೂಗಿದರೆ ಯಾರು ಎದ್ದು ಹೋಗಬೇಕು ಅಂತ ದನಿ ಕೇಳಿ ತಿಳಿದುಕೊಳ್ಳುತ್ತಿದ್ದೆವು. ಮರಾಠಿಯವರು ತುಪ್ಪಕ್ಕೆ ತೂಪ ಅನ್ನುತ್ತಾರೆ, ಅಡಕೊತ್ತಿಗೆ ಅಡಕಿತ್ತಾ ಅನ್ನುತ್ತಾರೆ. ನಮ್ಮ ಕನ್ನಡದಿಂದ ಹೋದವು. ನಾವು ತಾಬಡತೋಬ ಅನ್ನುತ್ತೇವೆ, ಉದ್ರಿ ಅನ್ನುತ್ತೇವೆ. ಮೈಸೂರು ಕಡೆಯವರು ನಮ್ಮ ಕನ್ನಡ ಕೆಟ್ಟಿದೆ ಅಂದರೆ, ಪುಣೆಯವರು ಇಲ್ಲಿನ ಮರಾಠಿಗೆ ಅದೇ ಮಾತು ಹೇಳುತ್ತಾರೆ. ಎರಡೂ ಕೆಟ್ಟಿಲ್ಲ. ಒಬ್ಬರ ಮಾತು ಇನ್ನೊಬ್ಬರು ದಿನಾ ಬಳಸಿದರೆ ಹೀಗೇ ಆಗುವುದು.

ಬಾಯಲ್ಲಿ ಇಷ್ಟು ಸಲೀಸು. ಬರಹಕ್ಕೆ ಬಂದರೆ ಮಾತ್ರ ಜಗಳ. ಬೋರ್ಡು, ಬಿಲ್ಲು, ನೋಟಿಸು, ಪಾಲಿಕೆಯ ಠರಾವು. ಬೆಳಗಾವಿಯ ಜಗಳಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಬಹುಪಾಲು ಯಾವ ಲಿಪಿ ಮೇಲಿರಬೇಕು ಅನ್ನುವುದೇ. ಇದಕ್ಕೆ ಹಿನ್ನೆಲೆಯೂ ಇದೆ. ಪೇಶ್ವೆಗಳ ಕಾಲ ಮುಗಿದ ಮೇಲೂ ಬಹಳ ದಿನ ಇಲ್ಲಿ ಕಚೇರಿಯ ಬರಹ ಮರಾಠಿಯೇ. ಕನ್ನಡ ಮನೆಯ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥವರು 19ನೇ ಶತಮಾನದಲ್ಲಿ ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು. ಏಳು ಜನ ಮೇಷ್ಟ್ರುಗಳು ಸೇರಿ 1916ರಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದರು. ಅವರ ಹಟ ಇಲ್ಲದಿದ್ದರೆ ನಾನು ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರಲಿಲ್ಲ. ಆ ಋಣ ದೊಡ್ಡದು.

ಅದಕ್ಕೇ ನನಗೆ ಮಾವಶಿಯ ವಿಷಯದಲ್ಲಿ ನೋವಾಗುತ್ತದೆ. ಅವಳು ಓದಿದ್ದು ನಾಲ್ಕನೇ ಇಯತ್ತೆ, ಮರಾಠಿ ಶಾಲೆಯಲ್ಲಿ. ಕನ್ನಡ ಪಟಪಟ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕರೆಂಟು ಬಿಲ್ಲು ಬಂದರೆ ಚಿಕ್ಕಂದಿನಲ್ಲಿ ನಾನೇ ಓದಿ ಹೇಳುತ್ತಿದ್ದೆ. ರೇಷನ್ ಕಾರ್ಡಿನ ಮೇಲೆ ತನ್ನ ಹೆಸರನ್ನು ಆಕಾರದಿಂದ ಗುರುತು ಹಿಡಿಯುತ್ತಾಳೆ, ಕೊನೆಯ ಅಕ್ಷರ ಜಿಲೇಬಿ ಥರ ಇದೆಯಲ್ಲ, ಅದು ನಾನು ಅಂತ. ಕೆಲವು ವರ್ಷದ ಹಿಂದೆ ಒಂದು ಕಚೇರಿಯಿಂದ ಕಾಗದ ಬಂತು. ಯಾವುದೋ ದಾಖಲೆ ತಂದುಕೊಡಿ ಅಂತ. ಮನೆಯಲ್ಲಿ ಯಾರೂ ಇರಲಿಲ್ಲ, ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟಳು. ಮೂರು ತಿಂಗಳು ಪಿಂಚಣಿ ನಿಂತುಹೋಯಿತು. ವಿಚಾರಿಸಲು ಹೋದರೆ, ಕನ್ನಡ ಕಲಿಯಬೇಕಿತ್ತು ಅಂತ ಅಂದರಂತೆ. 78 ವರ್ಷದ ಮುದುಕಿಗೆ. ಅದೂ ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಾಗ.

ಕರ್ನಾಟಕ ಸರ್ಕಾರ ಮರಾಠಿ ಶಾಲೆ ನಡೆಸುತ್ತದೆ, ಮರಾಠಿಯಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಇದು ನಮ್ಮ ದೊಡ್ಡತನ, ಹೆಮ್ಮೆಯಿಂದ ಹೇಳಿಕೊಳ್ಳಬೇಕಾದದ್ದು. ಹಾಗಿದ್ದ ಮೇಲೆ ಮುದುಕಿಗೆ ಹೋಗುವ ಒಂದು ಕಾಗದದ ಕೆಳಗೆ ಎರಡು ಸಾಲು ಅವಳಿಗೆ ತಿಳಿಯುವ ಹಾಗೆ ಬರೆದರೆ ಕನ್ನಡ ಸಣ್ಣದಾಗುತ್ತದಾ? ಮೇಲೆ ಕನ್ನಡ ಇರಲಿ, ದೊಡ್ಡದಾಗಿ ಇರಲಿ, ಇರಲೇಬೇಕು. ಕೆಳಗೆ ಇನ್ನೆರಡು ಸಾಲಿಗೆ ಜಾಗ ಇದೆ. ಜತ್ತ, ಅಕ್ಕಲಕೋಟೆಯಲ್ಲಿ ನಮ್ಮವರೂ ಅಲ್ಲಿನ ಕಚೇರಿಗಳಿಂದ ಇದನ್ನೇ ಕೇಳುತ್ತಾರೆ. ಅವರಿಗೆ ಕೇಳುವ ಹಕ್ಕಿದೆ ಅಂದಮೇಲೆ ಮಾವಶಿಗೂ ಇದೆ.

ಸುವರ್ಣ ವಿಧಾನಸೌಧದ ಬಗ್ಗೆಯೂ ಒಂದು ಮಾತು. 2012ರ ಅಕ್ಟೋಬರ್ 11ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಅಪ್ಪ ಅವತ್ತು ಹೊಸ ಧೋತರ ಉಟ್ಟು ಟಿವಿ ಮುಂದೆ ಕೂತಿದ್ದರು. ಊರು ಇನ್ನು ಕಡೆಯ ಊರಲ್ಲ ಅನ್ನುವ ಖುಷಿ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ಬೆಲ್‌ಗಾಂ ಹೋಗಿ ಬೆಳಗಾವಿ ಅಂತಲೂ ಆಯಿತು. ಈಗ ಚಳಿಗಾಲದಲ್ಲಿ ಎರಡು ವಾರ ಅಧಿವೇಶನ, ಹೋಟೆಲು ಭರ್ತಿ, ರಸ್ತೆಗೆ ಹೊಸ ಡಾಂಬರು. ಉಳಿದ ದಿನ ಹೈವೇಯಲ್ಲಿ ಹೋಗುವಾಗ ಆ ದೊಡ್ಡ ಬಿಳೀ ಕಟ್ಟಡ ಸುಮ್ಮನೆ ನಿಂತಿರುತ್ತದೆ. ಈ ಭಾಗದ ಜನರ ಕೆಲಸ ಇಲ್ಲೇ ಮುಗಿಯುವಂಥ ಕಚೇರಿಗಳನ್ನು ಬೆಂಗಳೂರಿನಿಂದ ತಂದು ಅದರಲ್ಲಿ ಕೂರಿಸಬೇಕು. ಊರಿನ ಮೇಲೆ ಹಕ್ಕು ಇದೆ ಅನ್ನುವವರು ಊರಿಗೆ ಬಂದು ಕೆಲಸ ಮಾಡಲಿ. ಗಡಿ ಗಲಾಟೆ ಎದ್ದಾಗಲೆಲ್ಲ ಮೊದಲು ನಿಲ್ಲುವುದು ಬಸ್ಸು. 2022ರ ಡಿಸೆಂಬರಿನಲ್ಲೂ ಹಾಗೇ ಆಯಿತು. ನಿಪ್ಪಾಣಿ ಹತ್ತಿರ ಇಳಿದು, ಚೀಲ ಹೊತ್ತು ಗಡಿ ದಾಟಿ, ಆ ಕಡೆಯ ಬಸ್ಸು ಹತ್ತಿದವರು ಭಾಷಣ ಮಾಡುವವರಲ್ಲ. ಕೊಲ್ಹಾಪುರದಲ್ಲಿ ಮಗಳನ್ನು ಕೊಟ್ಟವರು, ಆಸ್ಪತ್ರೆಗೆ ಬಂದವರು, ಬೆಲ್ಲ ಮಾರಲು ಹೋದವರು.

ಈಗ ಕಿರ್ದಿ ಪುಸ್ತಕ.

ಶಹಾಪುರದಲ್ಲಿ ಒಬ್ಬರು ಹಿರಿಯರಿದ್ದಾರೆ, ಹೊಲದ ಹಳೇ ಕಾಗದಗಳಲ್ಲಿನ ಮೋಡಿ ಓದಿ ಹೇಳುತ್ತಾರೆ ಅಂತ ಮಾವಶಿಯ ಮಗ ಹೇಳಿದ. ಅವನೇ ಕರೆದುಕೊಂಡು ಹೋದ. ಜೋರು ಮಳೆ. ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದೆ. "ಯಾ, ಬಸಾ" ಅಂತ ಕೂರಿಸಿ, ಅವರು ಕನ್ನಡಕ ಒರೆಸಿಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ನಿಧಾನಕ್ಕೆ ಒಂದೊಂದೇ ಅಕ್ಷರ ಕೂಡಿಸಿದರು. ಆಮೇಲೆ ತಲೆ ಎತ್ತಿ, ಅಕ್ಷರ ಬರೋಬ್ಬರಿ ಇದೆ, ಆದರೆ ಇದು ಮರಾಠಿ ಅಲ್ಲ, ಅರ್ಥ ಆಗುತ್ತಿಲ್ಲ ಅಂದರು.

"ಮತ್ತೊಮ್ಮೆ ಓದ್ರಿ" ಅಂದೆ.

"ಕೆಂ... ಪ... ದ... ಡಿ... ಸೀ... ರಿ... ಯ... ರ... ಡ..."

ಕೆಂಪು ದಡಿ ಸೀರಿ ಎರಡು. ನನ್ನ ಕಣ್ಣು ತುಂಬಿ ಬಂತು. ಅಜ್ಜ ಬರೆದದ್ದು ಕನ್ನಡವೇ. ಕಲಿತದ್ದು ಆ ಲಿಪಿ ಒಂದೇ, ಹಾಗಾಗಿ ತನ್ನ ಮಾತನ್ನು ಅದರಲ್ಲೇ ಕೂರಿಸಿದ್ದರು. ಎದುರಿಗಿದ್ದ ಹಿರಿಯರಿಗೆ ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ನನಗೆ ಓದಲು ಬರುತ್ತಿರಲಿಲ್ಲ, ಕಿವಿಗೆ ಬಿದ್ದದ್ದೆಲ್ಲ ಅರ್ಥ ಆಗುತ್ತಿತ್ತು. ಅವರು ಓದುತ್ತ ಹೋದರು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಖಣ ನಾಲ್ಕು. ಧೋತರ ಒಂದು. ವಡಗಾವಿಯವರದು ಬಾಕಿ. ಖಾನಾಪುರದವರದು ಅರ್ಧ ಜಮಾ, ಉಳಿದದ್ದು ಸುಗ್ಗಿಗೆ. ಸಾಲುಗಳಲ್ಲಿ ಕನ್ನಡದ ಹೆಸರು, ಮರಾಠಿ ಹೆಸರು, ಮುಸಲ್ಮಾನರ ಹೆಸರು, ಗೋವಾದ ಕ್ರಿಸ್ತಿಯನ್ನರ ಹೆಸರು, ಸಾಲ ಎಲ್ಲರದೂ ಒಂದೇ ಥರ.

ಐದನೇ ಪುಸ್ತಕದಲ್ಲಿ ಮಾವಶಿಯ ಅತ್ತೆಯ ಹೆಸರು ಬಂತು. ಅಡ್ಡಹೆಸರು ಕೇಳಿದ ಕೂಡಲೇ ಪಕ್ಕದಲ್ಲಿದ್ದ ಮಗ ಮುಂದಕ್ಕೆ ಬಗ್ಗಿದ. ಒಂಬತ್ತು ಗಜದ ಸೀರೆ ಒಂದು, ಉದ್ರಿ. ಹಿರಿಯರು ಪುಟ ತಿರುವಿದರು, ಇನ್ನೊಂದು ತಿರುವಿದರು, ಆ ಹೆಸರು ಮತ್ತೆ ಹುಡುಕಿದರು. ಚುಕ್ತಾ ಅಂತ ಎಲ್ಲೂ ಬರೆದಿರಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಳಗಿನಿಂದ ಚಹಾ ಬಂತು. ಮಳೆ ಇನ್ನೂ ನಿಂತಿರಲಿಲ್ಲ, ಆರನೇ ಪುಸ್ತಕ ಇನ್ನೂ ಬಾಕಿ ಇತ್ತು.